ನೋಡದೆ ಓದಿದ ಸುದ್ದಿ

"ಅಕ್ಕಾರ, ನಿಮ್ಮಿಂದ ನನ್ನ ನೌಕರಿ ಹೋಗಾಕತ್ತೈತಿ" ಎಂದಳು ಭಾಗ್ಯಶ್ರೀ, ಬಾಗಿಲಲ್ಲೇ ನಿಂತು. ಭಾನುವಾರ ಬೆಳಿಗ್ಗೆ. ನನ್ನ ಚಹಾ ಇನ್ನೂ ಒಲೆಯ ಮೇಲಿತ್ತು. ಚಹಾ ಹೊಟ್ಟೆಗೆ ಬೀಳುವ ಮೊದಲು ನನ್ನ ಜೊತೆ ಜಗಳಕ್ಕೆ ಬಂದವರು ಉದ್ಧಾರವಾದದ್ದಿಲ್ಲ.

"ನಾ ಏನ್ ಮಾಡೀನೇ ತಾಯಿ? ನಿನ್ನ ಕಂಪನಿ ಎಲ್ಲೈತಿ ಅಂಬೋದೂ ನನಗ ಗೊತ್ತಿಲ್ಲ!"

"ಮಂಗಳವಾರ ಸಂಜಿ ನೀವ ಓದೀರಿ. ಒಬ್ಬ ಹುಡಿಗಿ ಕಾಣೆಯಾಗ್ಯಾಳ, ಮಕ್ಕಳ ರಕ್ತ ಹೀರೋ ಆಟ ಅಂತ. ತೆರಿ ಮ್ಯಾಲೆ ನಮ್ಮ ಕಂಪನಿ ಕಟ್ಟಡಾನ ತೋರಿಸ್ಯಾರ. ಅದನ್ನ ಕೇಳಿ ಅಪ್ಪ ನನ್ನ ಮನ್ಯಾಗ ಕುಂಡ್ರಿಸ್ಯಾನ. ನಾಳಿ ಹತ್ತು ಗಂಟೆಕ್ಕ ಹೋಗಲಿಲ್ಲಂದ್ರ ಬ್ಯಾರೆಯವರನ್ನ ತಗೋತಾರ."

ಇಷ್ಟು ಹೇಳಿ ಅತ್ತಳು. ಅಳುವವರನ್ನು ಕಂಡರೆ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ. ಒಳಗೆ ಕರೆದು, ನನ್ನ ಚಹಾವನ್ನೇ ಅವಳಿಗೆ ಕೊಟ್ಟೆ.

ನಾನು ಗುಣವತಿ. ಹೈದರಾಬಾದಿನಿಂದಲೇ ಪ್ರಸಾರವಾಗುವ ಕನ್ನಡ ಸುದ್ದಿ ಚಾನೆಲ್ ಒಂದರಲ್ಲಿ ದನಿ ಕೊಡುವವಳು. ಮುಖ ತೋರಿಸುವುದಿಲ್ಲ. ತೆರೆಯ ಮೇಲೆ ಏನೋ ಉರಿಯುತ್ತಿರುವಾಗ, ಯಾರೋ ಓಡುತ್ತಿರುವಾಗ, ಹಿಂದಿನಿಂದ ಗುಡುಗುತ್ತದಲ್ಲ, ಆ ಹೆಂಗಸು ನಾನೇ. ಈ ಊರಿನಲ್ಲಿ ಕಲ್ಲು ಹೊರಲು, ಗೋಡೆ ಕಟ್ಟಲು ಬಂದ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಜನಕ್ಕೆ ಹೊರಗೆಲ್ಲ ತೆಲುಗು, ಹಿಂದಿ. ಸಂಜೆ ಮನೆಗೆ ಬಂದು ಟೀವಿ ಹಾಕಿದರೆ ತಮ್ಮ ಮಾತು ಕೇಳಿಸುತ್ತದೆ. ಹಾಗಾಗಿ ನಾನು ಹೇಳಿದ್ದೇ ಖರೆ. ಇದು ನನಗೆ ಗೊತ್ತಿತ್ತು, ಒಳಗೊಳಗೇ ಜಂಬವೂ ಇತ್ತು.

ಭಾಗ್ಯಶ್ರೀಯ ಅಪ್ಪ ಸಂಗಣ್ಣ ಶಹಾಬಾದ ಕಡೆಯ ಕಲ್ಲುಕೆಲಸದವನು. ಕುಷಾಯಿಗೂಡದಲ್ಲಿ ನಮ್ಮ ಹಿಂದಿನ ಗಲ್ಲಿಯಲ್ಲೇ ಮನೆ. ಸುಲ್ತಾನ್ ಬಜಾರ್ ಕಡೆ ಹಳೆಯ ಅಂಗಡಿಗಳ ಕಮಾನು ಬಿರುಕು ಬಿಟ್ಟರೆ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಮಗಳು ಡಿಗ್ರಿ ಮುಗಿಸಿ, ಉಪ್ಪಲ್‌ನ ಹೊಸ ಗಾಜಿನ ಕಟ್ಟಡವೊಂದರಲ್ಲಿ ವಿಡಿಯೋ ಗೇಮ್ ಮಾಡುವ ಕಂಪನಿ ಸೇರಿ ನಾಲ್ಕು ತಿಂಗಳಾಗಿತ್ತು. ಇನ್ನೂ ಪೂರ್ತಿಯಾಗದ ಆಟವನ್ನು ಆಡಿ ಆಡಿ ತಪ್ಪು ಹುಡುಕುವುದು ಅವಳ ಕೆಲಸ. ಎರಡು ಸಾವಿರದ ಏಳನೆಯ ಇಸವಿ ಅದು. ನಮ್ಮ ಗಲ್ಲಿಯ ಮನೆಮನೆಯಲ್ಲೂ ಕಂಪ್ಯೂಟರ್ ಕೋರ್ಸಿನ ಮಾತೇ ನಡೆಯುತ್ತಿತ್ತು.

ಡೆಸ್ಕಿನ ಉಪೇಂದ್ರನಿಗೆ ಫೋನ್ ಮಾಡಿದೆ. ಮೂಲ ಸುದ್ದಿ ನಮಗೆ ತೆಲುಗಿನಲ್ಲಿ ಬರುತ್ತದೆ, ಇವನು ಕನ್ನಡಕ್ಕೆ ತರುತ್ತಾನೆ, ನಾನು ಕಿಟಕಿಯಿಲ್ಲದ ಒಂದು ಗೂಡಿನಲ್ಲಿ ಕೂತು ಓದುತ್ತೇನೆ. ಚಿತ್ರ ಜೋಡಿಸುವುದು ಆಮೇಲೆ, ನನ್ನ ದನಿಯ ಅಳತೆಗೆ. ಆರು ವರ್ಷದಲ್ಲಿ ಒಂದು ದಿನವೂ ಚಿತ್ರ ನೋಡಿ ಓದಿದವಳಲ್ಲ.

"ಆ ಹುಡುಗಿ ಎರಡೇ ದಿನಕ್ಕೆ ಸಿಕ್ಕಳಲ್ಲ ಅಕ್ಕಾ" ಎಂದ ಉಪೇಂದ್ರ. "ಪರೀಕ್ಷೆಯಲ್ಲಿ ಫೇಲಾಗಿ ಹೆದರಿ ಅತ್ತೆ ಮನೆಗೆ ಹೋಗಿದ್ದಳಂತೆ. ಕಂಪ್ಯೂಟರಿನಲ್ಲಿ ಯಾವುದೋ ಆಟ ಇತ್ತು, ವರದಿಗಾರ ಅದಕ್ಕೆ ಗಂಟು ಹಾಕಿದ."

"ಮತ್ತ ಉಪ್ಪಲ್ ಕಟ್ಟಡ ಯಾಕ ತೋರಿಸಿದ್ರಿ?"

"ಗೇಮ್ ಕಂಪನಿ ಅಂತ ಬೋರ್ಡ್ ಇರೋದು ಹತ್ತಿರದಲ್ಲಿ ಅದೊಂದೇ. ಬಂದೂಕಿನ ದೃಶ್ಯ ಬೇರೆ ಯಾವುದೋ ದೇಶದ ಆಟದ್ದು. ಒಟ್ಟಿನಲ್ಲಿ ಚೆನ್ನಾಗಿ ಕೂತಿತ್ತು ಬಿಡಿ."

ಫೋನ್ ಕುಕ್ಕಿದೆ. ಹುಡುಗಿ ಸಿಕ್ಕ ಸುದ್ದಿಯನ್ನು ನನ್ನಿಂದ ಯಾರೂ ಓದಿಸಿರಲಿಲ್ಲ. ನಾನೂ ಕೇಳಿರಲಿಲ್ಲ. ನಾಚಿಕೆಯಾಯಿತು.

ಹಾಗೇ ಎದ್ದು ಸಂಗಣ್ಣನ ಮನೆಗೆ ಹೋದೆ. ಅವನು ಅಂಗಳದಲ್ಲಿ ಉಳಿ ಮಸೆಯುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ.

"ಬರ್ರಿ ಅಕ್ಕಾರ. ಭಾಳ ಉಪಕಾರ ಮಾಡಿದ್ರಿ. ನೀವು ಹೇಳದಿದ್ರ ನನಗ ಏನ್ ಮಾಲೂಮ್ ಆಗತಿತ್ತು? ನಾನ ಗಾಡಿ ಮ್ಯಾಲೆ ಬಿಟ್ಟು ಬರತಿದ್ದೆ ನೋಡ್ರಿ, ಅದ ಕಟ್ಟಡ!"

"ಸಂಗಣ್ಣಾ, ಅದು ಸುಳ್ಳು. ನಾ ಓದಿದ್ದು ಸುಳ್ಳು."

ಅವನ ಹೆಂಡತಿ ಶಂಕ್ರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ನಾನು ಎಲ್ಲವನ್ನೂ ಹೇಳಿದೆ. ಗೂಡಿನ ಕತೆ, ಚಿತ್ರದ ಕತೆ, ಅತ್ತೆ ಮನೆಯ ಕತೆ. ಸಂಗಣ್ಣ ಒಂದೇ ಮಾತು ಕೇಳಿದ.

"ನೋಡದ ಓದಿದ್ರಿ?"

"ಹೌದು."

"ತೂಗುಗುಂಡು ಬಿಟ್ಟು ನೆಟ್ಟಗೈತೇನು ಅಂತ ನೋಡದ ಗ್ವಾಡಿ ಎಬ್ಬಿಸಿದಂಗ ಆತಲ್ರಿ" ಎಂದ. ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸಿ ಬಚಾವಾಗುತ್ತಿದ್ದೆ.

"ಹಂಗಾದ್ರ ಮಗಳನ್ನ ಕಳಸ್ತೀಯಿಲ್ಲೋ?" ಎಂದಳು ಶಂಕ್ರಮ್ಮ ಒಳಗಿನಿಂದ.

"ಅಂದು ಟೀವಿ ಮಾತು ಕೇಳಿ ಬಿಡಿಸಿದೆ. ಇಂದು ಇವರ ಮಾತು ಕೇಳಿ ಕಳಸ್ಲೇನು? ನಾಳಿ ನಾನ ಹೋಗಿ ನೋಡತೀನಿ. ನೀವೂ ಬರ್ರಿ ಅಕ್ಕಾರ. ಮನಸಿಗೆ ಸೇರಲಿಲ್ಲಂದ್ರ ಅಲ್ಲಿಂದ ಅಲ್ಲಿಗೇ ಬಿಡಿಸ್ಕೊಂಡು ಬರತೀನಿ."

ಮರುದಿನ ಹತ್ತಕ್ಕೆ ಹತ್ತು ನಿಮಿಷ ಇರುವಾಗಲೇ ಸಂಗಣ್ಣ, ಭಾಗ್ಯಶ್ರೀ, ನಾನು ಮೂವರೂ ಉಪ್ಪಲ್‌ನಲ್ಲಿದ್ದೆವು. ಕಂಪನಿ ನಡೆಸುವ ಚಂದ್ರಹಾಸ ಉಡುಪಿ ಕಡೆಯವನು, ಮೂವತ್ತು ದಾಟಿರಲಿಕ್ಕಿಲ್ಲ. "ನಿಮ್ಮ ದನಿ ನನಗೆ ಗೊತ್ತುಂಟು ಮಾರಾಯ್ರೇ" ಎಂದ ನನ್ನನ್ನು ನೋಡಿ. ಬೈಯಲಿಲ್ಲ, ಕುರ್ಚಿ ಎಳೆದು ಕೊಟ್ಟ. ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು.

ನಾನು ಏನನ್ನು ನಿರೀಕ್ಷಿಸಿದ್ದೆನೋ. ಕತ್ತಲೆ ಕೋಣೆ, ಕಿರುಚಾಟ, ಬಂದೂಕು. ಅಲ್ಲಿ ನಲವತ್ತು ಜನ ತಲೆ ತಗ್ಗಿಸಿ ಕಂಪ್ಯೂಟರಿನಲ್ಲಿ ಒಂದು ಕೋಟೆ ಕಟ್ಟುತ್ತಿದ್ದರು. ಒಬ್ಬಳು ಕಲ್ಲಿನ ಸಂದಿಗೆ ಪಾಚಿಯ ಚಿತ್ರ ಬರೆಯುತ್ತಿದ್ದಳು. ಎಂಟು ದಿನದಿಂದ ಅದೇ ಕೆಲಸವಂತೆ. ಇನ್ನೊಬ್ಬ, ಕಿಂಡಿಯಿಂದ ಬೀಳುವ ಬಿಸಿಲಿನಲ್ಲಿ ಧೂಳು ಹೇಗೆ ಆಡಬೇಕು ಎಂದು ತಿದ್ದುತ್ತಿದ್ದ. ಅಯ್ಯೋ, ಬರೀ ಧೂಳಿಗೆ ಒಬ್ಬ ಮನುಷ್ಯ! ಪಕ್ಕದ ಕೋಣೆಯಲ್ಲಿ ಮಧುರಾ ಎಂಬ ಹುಡುಗಿ ಬರಿಗಾಲಲ್ಲಿ ಒಂದು ಕಲ್ಲುಚಪ್ಪಡಿಯ ಮೇಲೆ ಹಿಂದೆ ಮುಂದೆ ನಡೆಯುತ್ತಿದ್ದಳು. ಅವಳ ಕಾಲ ಬಳಿ ಮೈಕು. ಆಟದೊಳಗಿನ ಹೆಂಗಸಿನ ಹೆಜ್ಜೆಯ ಸದ್ದು ಅದು.

"ಇದು ನಮ್ಮ ಶಹಾಬಾದ ಫರಸಿ!" ಎಂದ ಸಂಗಣ್ಣ. ಬಗ್ಗಿ ಮುಟ್ಟಿ ನೋಡಿದ. ಅವನ ಮುಖ ಮೊದಲ ಸಲ ಸಡಿಲಾಯಿತು.

ನಾನಂತೂ ಬಾಯಿ ಬಿಟ್ಟು ನಿಂತೆ. ದನಿಯಿಂದ ಹೊಟ್ಟೆ ಹೊರೆಯುವವಳು ನಾನು. ಒಂದು ಹೆಜ್ಜೆಯ ಸದ್ದಿಗೆ ಇಷ್ಟು ಮರ್ಯಾದೆ ಕೊಡುವ ಜನರನ್ನು ಜನ್ಮದಲ್ಲಿ ಕಂಡಿರಲಿಲ್ಲ. ಇವರ ಹಿಂದಿನ ಆಟವನ್ನು ಆರು ಲಕ್ಷ ಜನ ಆಡಿದ್ದಾರಂತೆ. ಬ್ರೆಜಿಲ್ ದೇಶದ ಒಬ್ಬ ಮುದುಕಿ, ಆಟದಲ್ಲಿದ್ದ ಬಾವಿಯ ಮೆಟ್ಟಿಲು ಇಳಿದು ತನಗೆ ಸಮಾಧಾನವಾಯಿತು ಎಂದು ಪತ್ರ ಬರೆದಿದ್ದಳಂತೆ. ಪತ್ರವನ್ನು ಗೋಡೆಗೆ ಹಚ್ಚಿದ್ದರು. ಇದನ್ನೆಲ್ಲ ರಕ್ತ ಹೀರುವುದು ಎಂದು ಗುಡುಗಿದ್ದೆನಲ್ಲ!

ಚಂದ್ರಹಾಸ ಸಂಗಣ್ಣನ ಕೈಗೆ ಆಟದ ಹಿಡಿಯನ್ನು ಕೊಟ್ಟ. ಭಾಗ್ಯಶ್ರೀ ಅಪ್ಪನ ಬೆರಳುಗಳನ್ನು ಒಂದೊಂದಾಗಿ ಗುಂಡಿಗಳ ಮೇಲೆ ಇಟ್ಟಳು. ತೆರೆಯ ಮೇಲೆ ಕೋಟೆಯ ಬಾಗಿಲು ತೆರೆಯಿತು. ಒಳಗೆ ಬೆಳಗು, ಪಾರಿವಾಳದ ರೆಕ್ಕೆಯ ಸದ್ದು, ಅಂಗಳದಲ್ಲಿ ನೀರು. ಸಂಗಣ್ಣ ನಡೆದ. ಗೋಡೆಗೆ ಗುದ್ದಿದ, ಮತ್ತೆ ನಡೆದ. ಗೋಪುರ ಹತ್ತಿ ನಿಂತಾಗ ಕೆಳಗೆ ಊರೆಲ್ಲ ಹರಡಿಕೊಂಡಿತು.

"ಶಿವಶಿವಾ" ಎಂದ ಮೆಲ್ಲಗೆ. "ಇಷ್ಟೂ ಮನಷ್ಯಾರ ಕೂತು ಮಾಡ್ಯಾರೇನವ್ವಾ?"

"ಹೂಂ ಅಪ್ಪಾ. ನಾ ತಪ್ಪು ಹುಡುಕತೀನಿ, ಇವರು ತಿದ್ದತಾರ."

ಅವನು ಇಳಿದು ಬಂದು ಒಳಬಾಗಿಲ ಕಮಾನಿನ ಮುಂದೆ ನಿಂತುಬಿಟ್ಟ. ಎಷ್ಟು ಹೊತ್ತಾದರೂ ಮುಂದೆ ಹೋಗಲಿಲ್ಲ. ಗುಂಡಿ ಮರೆತನೇನೋ ಎಂದುಕೊಂಡೆವು.

"ಇದು ಬೀಳತೈತಿ" ಎಂದ.

"ಎಂತದ್ದು?" ಎಂದ ಚಂದ್ರಹಾಸ.

"ಕಮಾನು. ಚೂಪು ಕಮಾನಾಗಿದ್ರ ಬ್ಯಾರೆ ಮಾತು. ಇದು ಗುಂಡ ಕಮಾನು, ನಟ್ಟನಡುವ ಒಂದು ಕಲ್ಲು ಕೂಡಬೇಕು. ನೀವು ನಡುವ ಸಂದಿ ಬಿಟ್ಟೀರಿ. ಎರಡೂ ಕಡೆ ಒಂದ ನಮೂನಿ ಕಲ್ಲು, ಬಿರುಕು ಸೈತ ಒಂದ ನಮೂನಿ. ದೇವರಾಣಿ ನಿಲ್ಲಂಗಿಲ್ಲ."

ಚಂದ್ರಹಾಸ ತೆರೆಗೆ ಮೂಗು ತಾಗುವಷ್ಟು ಬಗ್ಗಿದ. ಆಮೇಲೆ ನಗಲು ಶುರುಮಾಡಿದ. ಅರ್ಧ ಕಮಾನು ಚಿತ್ರಿಸಿ, ಅದನ್ನೇ ಕನ್ನಡಿಯಲ್ಲಿ ಕಂಡಂತೆ ಮಗುಚಿ ಇನ್ನೊಂದು ಅರ್ಧ ಮಾಡಿದ್ದರಂತೆ. ಕೆಲಸ ಬೇಗ ಆಗಲೆಂದು ಎಲ್ಲರೂ ಹಾಗೇ ಮಾಡುತ್ತಾರಂತೆ. ಮೂರು ತಿಂಗಳಿಂದ ನಲವತ್ತು ಜನ ಅದರ ಕೆಳಗೇ ಓಡಾಡಿದ್ದರು, ಒಬ್ಬರಿಗೂ ಕಂಡಿರಲಿಲ್ಲ. ಎಲ್ಲರೂ ಕುರ್ಚಿ ಬಿಟ್ಟು ಬಂದು ಸಂಗಣ್ಣನ ಸುತ್ತ ನಿಂತರು. ಅವನು ಬೆರಳಿನಿಂದ ಗಾಳಿಯಲ್ಲೇ ಕಲ್ಲು ಕೂಡಿಸಿ ತೋರಿಸಿದ. ಪಾಚಿಯ ಹುಡುಗಿ ಪೆನ್ಸಿಲಿನಲ್ಲಿ ಗೀಚಿಕೊಳ್ಳುತ್ತಿದ್ದಳು. ನನಗೆ ರೋಮಾಂಚನವಾಯಿತು, ಸುಳ್ಳೇಕೆ ಹೇಳಲಿ.

"ಬರಕೋ" ಎಂದ ಸಂಗಣ್ಣ ಮಗಳಿಗೆ. "ತಪ್ಪು ಬರಿಯೂದು ನಿನ್ನ ಕೆಲಸ ಅಂದ್ಯಲ್ಲ. ಇವತ್ತು ಇದು ಬರಿ. ಗ್ವಾಡಿ ಕಡೆನೂ ನಾಕಾರು ಅದಾವ, ಸಂಜಿಗೆ ಮನ್ಯಾಗ ಹೇಳತೀನಿ. ನಾಳಿ ಬಂದು ಬರಕೋ."

ಭಾಗ್ಯಶ್ರೀ ತನ್ನ ಮೇಜಿಗೆ ಹೋಗಿ ಕೂತಳು. ಕಮಾನಿನ ತಪ್ಪನ್ನು ಟೈಪ್ ಮಾಡಿದಳು.

ಹೊರಗೆ ಬಂದ ಮೇಲೆ ನನಗೆ ಬಲು ಉತ್ಸಾಹ. "ಸಂಗಣ್ಣಾ, ಇದನ್ನ ನಾ ಟೀವಿಯಾಗ ಹೇಳಸ್ತೀನಿ. ಡೆಸ್ಕಿನವರ ಜೊತಿ ಜಗಳ ತೆಗೀತೀನಿ. ಇಲ್ಲಂದ್ರ ಗೂಡಿನಾಗ ಕೂಡಂಗಿಲ್ಲ."

"ಹೇಳಸ್ರಿ. ಚಲೋ ಆತು" ಎಂದ ಅವನು, ಗಾಡಿಗೆ ಕೀಲಿ ಹಾಕುತ್ತಾ. ಗಾಡಿ ಹತ್ತಿ, "ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕಾರ. ನೀವು ಹೇಳಿದ್ರೂ ಇನ್ನ ನಾ ಕೇಳಂಗಿಲ್ಲ. ನಮ್ಮನಿಯಾಗ ಸುದ್ದಿ ಹೇಳಾಕ ಮಗಳು ಅದಾಳ. ಆಕಿ ನೋಡಿ ಹೇಳತಾಳ" ಎಂದ.

ಇಡೀ ಕುಷಾಯಿಗೂಡದಲ್ಲಿ ನನ್ನ ಬಾಯಿ ಮುಚ್ಚಿಸಿದವರಿಲ್ಲ. ಅಂದು ಅವನ ಗಾಡಿಯ ಹಿಂದೆ ಕೂತು, ಮನೆ ಮುಟ್ಟುವವರೆಗೂ ಒಂದು ಮಾತೂ ಆಡಲಿಲ್ಲ.