ಅಯ್ಯನವರ ಮೊದಲ ಲೋಟ

ರೇಣುಕಾಪ್ರಸಾದ ಚೀಲದ ಬಾಯಿ ಬಿಚ್ಚಿ, ಹಸಿ ಕಾಫಿ ಬೀಜವನ್ನು ಬೊಗಸೆ ತುಂಬ ಎತ್ತಿ, ಮೂಗಿಗೆ ಹಿಡಿದು ಉಸಿರೆಳೆದ. ಏನೂ ಇಲ್ಲ. ಒಣಹುಲ್ಲಿನ ವಾಸನೆ ಇರಬೇಕಿತ್ತು, ಅದರಡಿಯಲ್ಲಿ ಒಂದಿಷ್ಟು ಹುಳಿ ಇರಬೇಕಿತ್ತು. ಬರೀ ತಣ್ಣನೆಯ ಗಾಳಿ ಒಳಗೆ ಹೋಯಿತು, ಹೊರಗೆ ಬಂತು. ಬೆನ್ನ ಹಿಂದೆ ಅಂಗಡಿಯ ಯಜಮಾನ ತೋಟಪ್ಪ ನಿಂತಿದ್ದಾನೆಂದು ಗೊತ್ತಿದ್ದರಿಂದ ಅವನು ಕಣ್ಣು ಮುಚ್ಚಿ ಎರಡು ಸಲ ತಲೆಯಾಡಿಸಿದ.

"ಹೆಂಗೈತೋ?"

"ಚಲೋ ಐತ್ರಿ."

"ಅಷ್ಟ ಸಾಕು ಬಿಡು." ತೋಟಪ್ಪ ಹೆಗಲ ಟವೆಲ್ಲು ಕೊಡವಿದ. "ನಿನ್ನ ಮೂಗು ಹ್ಞೂಂ ಅಂತು ಅಂದ್ರ ಮುಗೀತು. ಸೋಮವಾರ ಬೆಳಗ್ಗೆ ಅಯ್ಯನವರು ಬರ್ತಾರ. ಮೊದಲ ಲೋಟ ಅವರಿಗೆ, ಆಮ್ಯಾಲೆ ಸೊರಬಕ್ಕೆಲ್ಲ."

ಮೂಗು ಸತ್ತು ಹನ್ನೆರಡು ದಿನ ಆಗಿತ್ತು. ಶಿಕಾರಿಪುರದಲ್ಲಿ ಮೂರು ದಿನ ಜ್ವರ ಹಿಡಿದು ಮಲಗಿದ್ದ. ನಾಲ್ಕನೆಯ ದಿನ ಎದ್ದು ಅಂಗಡಿಗೆ ಹೋಗಿ ಡ್ರಮ್ಮಿನ ಬಾಯಿ ತೆಗೆದರೆ, ಹುರಿದ ಬೀಜದ ಹೊಗೆ ಮುಖಕ್ಕೆ ಹೊಡೆಯಿತು, ಕಣ್ಣು ಉರಿಯಿತು, ವಾಸನೆ ಮಾತ್ರ ಬರಲಿಲ್ಲ. ನೆಗಡಿ ಇಳಿದ ಮೇಲೆ ಸರಿಹೋಗುತ್ತದೆ ಅಂದುಕೊಂಡ. ನೆಗಡಿ ಇಳಿಯಿತು. ಬೆಳ್ಳುಳ್ಳಿ ಜಜ್ಜಿ ಮೂಸಿದ, ಸೀಮೆಎಣ್ಣೆ ಡಬ್ಬಿಗೆ ಮೂಗಿಟ್ಟ. ಗೋಡೆಗೆ ಮೂಗಿಟ್ಟ ಹಾಗಿತ್ತು. ಯಾರಿಗೂ ಹೇಳಲಿಲ್ಲ.

ಹೇಳುವುದಾದರೂ ಹೇಗೆ? ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಹತ್ತಿರ ಇದ್ದದ್ದು ಅದೊಂದೇ. ಹದಿನಾಲ್ಕಕ್ಕೆ ಊರು ಬಿಟ್ಟು ಚಿಕ್ಕಮಗಳೂರಿನಲ್ಲಿ ಬೀಜದ ಚೀಲ ಹೊತ್ತ, ಹಾಸನದಲ್ಲಿ ಹುರಿಯಲು ಕಲಿತ, ಮೈಸೂರಿನಲ್ಲಿ ಪುಡಿ ಮಾಡುವ ಮಿಶನ್ನಿನ ಮುಂದೆ ಆರು ವರ್ಷ ನಿಂತ. ರಜಾ ಸಿಕ್ಕಿದ ದಿನ ಪೇಟೆಯ ಸಂದುಗೊಂದಿಯಲ್ಲಿದ್ದ ಸಣ್ಣ ಸಣ್ಣ ಕಾಫಿ ಅಂಗಡಿಗಳನ್ನು ಒಂದೂ ಬಿಡದೆ ಸುತ್ತಿ, ಒಂದೊಂದರಲ್ಲಿ ಅರ್ಧ ಲೋಟ ಕುಡಿದು, ಇದರಲ್ಲಿ ಚಿಕೋರಿ ಎಷ್ಟು, ಬೀಜ ಬಾಬಾಬುಡನ್ ಕಡೆಯದೋ ಕೊಡಗಿನದೋ, ಮಳೆಗೆ ನೆನೆದಿದೆಯೋ ಇಲ್ಲವೋ ಎಂದು ಮನಸ್ಸಿನಲ್ಲೇ ಬರೆದುಕೊಂಡ. ಮೇಜಿನ ಮುಂದೆ ಕೂರಲು ಹೋದರೆ ಅವನ ಅಂಗಿ ನೋಡಿ, "ಅಲ್ಲೇ ನಿಂತು ಕುಡಿ" ಅನ್ನುತ್ತಿದ್ದರು. ಆ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಬೆಳೆಗಾರರು ಬೀಜವನ್ನು ಕಾಫಿ ಬೋರ್ಡಿಗೇ ಕೊಡಬೇಕಿಲ್ಲ, ತಾವೇ ಮಾರಬಹುದು ಎಂದಾದ ಮೇಲೆ, ಗೊಬ್ಬರ ಮತ್ತು ಬೆಳೆಗೆ ಹೊಡೆಯುವ ಕೀಟನಾಶಕ ಎಣ್ಣೆಯ ವ್ಯಾಪಾರ ಮಾಡುತ್ತಿದ್ದ ತೋಟಪ್ಪನಿಗೆ ಕಾಫಿಯ ಆಸೆ ಹತ್ತಿತು. ಪ್ರಸಾದನನ್ನು ಕರೆಸಿ ಶಿಕಾರಿಪುರದಲ್ಲಿ ಅಂಗಡಿ ಹಾಕಿದ. ಎರಡೇ ವರ್ಷದಲ್ಲಿ ತಾಲ್ಲೂಕು ಆಫೀಸಿನವರು, ಮೇಷ್ಟ್ರುಗಳು, ಒಂದು ಕಾಲಕ್ಕೆ ಪ್ರಸಾದನ ಕಿವಿ ಹಿಂಡಿದವರು, "ನಮ್ಮ ಮನೆ ಮಿಕ್ಸ್ ಯಾವುದು ಹೇಳಪ್ಪ" ಎಂದು ಅವನ ಮುಂದೆ ನಿಲ್ಲುವ ಹಾಗಾಯಿತು. ತೊಗರ್ಸಿಯಿಂದ ಬಸ್ಸು ಹತ್ತಿ ಬಂದು ಪೀಬರಿಯ, ಅಂದರೆ ದುಂಡನೆಯ ಒಂಟಿಬೀಜದ, ಪುಡಿ ಒಯ್ಯುವವರಿದ್ದರು. ಈಗ ಸೊರಬದಲ್ಲಿ ಎರಡನೆಯ ಅಂಗಡಿ, ಅದೂ ಪ್ರಸಾದನ ಕೈಗೆ. ಮೂಗು ಹೋಯಿತೆಂದು ಗೊತ್ತಾದರೆ ತೋಟಪ್ಪ ಮಾರನೇ ದಿನವೇ ಶಿವಮೊಗ್ಗದಿಂದ ಬೇರೆಯವನನ್ನು ತಂದು ಕೂರಿಸುತ್ತಾನೆ. ಪ್ರಸಾದ ಮತ್ತೆ ಚೀಲ ಹೊರಬೇಕು.

ಸೊರಬದ ಕಟ್ಟಡ ತೋಟಪ್ಪನದೇ. ಹದಿನೈದು ವರ್ಷ ಅದು ಎಣ್ಣೆ ಡಬ್ಬಿ, ಪುಡಿ ಔಷಧಿಯ ಗೋದಾಮಾಗಿತ್ತು. ಗೋಡೆಗೆ ಹೊಸ ಸುಣ್ಣ, ಬಾಗಿಲಿಗೆ ಹಸಿರು ಬಣ್ಣ ಬಳಿದಿದ್ದರು. ಬೀಜದ ಚೀಲಗಳನ್ನು ಹಿಂದಿನ ಕೋಣೆಯ ಬರೀ ನೆಲದ ಮೇಲೆ ಇಳಿಸಿ ಹತ್ತು ದಿನವಾಗಿತ್ತು. ಕಾಫಿ ಬೀಜ ಪಕ್ಕದಲ್ಲಿದ್ದುದನ್ನೆಲ್ಲ ಹೀರಿಕೊಳ್ಳುತ್ತದೆಂದು ಪ್ರಸಾದನಿಗೆ ಗೊತ್ತಿಲ್ಲದ್ದೇನಲ್ಲ. ಮೊದಲಾಗಿದ್ದರೆ ಹೊಸ್ತಿಲು ದಾಟುವ ಮುಂಚೆಯೇ ಮೂಗು ಹೇಳಿಬಿಡುತ್ತಿತ್ತು. ಮೂಗು ಸುಮ್ಮನಿದ್ದುದರಿಂದ ಅವನೂ ಸುಮ್ಮನಿದ್ದ.

ಭಾನುವಾರ ಮಧ್ಯಾಹ್ನ ಹೊಗೆಕೊಳವೆ ಕೂರಿಸಲು ತಗಡಿನ ಕೆಲಸದ ರಜಾಕ್ ಬಂದ. ಶಿಕಾರಿಪುರದವನೇ, ಪ್ರಸಾದನ ಡ್ರಮ್ಮು ಮಾಡಿಕೊಟ್ಟವನೂ ಅವನೇ. ಹಿಂದಿನ ಕೋಣೆಗೆ ಹೋದವನು ಮೂಗಿಗೆ ಕರವಸ್ತ್ರ ಹಿಡಿದು ಹೊರಗೆ ಬಂದ.

"ಏನ್ ಪ್ರಸಾದು, ಒಳಗೆ ಹಿಂಗ್ ಹೊಡೀತೈತಿ? ತಲಿ ಗಿಮ್ ಅಂತು."

"ಸುಣ್ಣದ್ದು, ರಜಾಕ್ ಸಾಬ್ರೆ."

"ಸುಣ್ಣ ನಾನು ಕಂಡಿಲ್ಲೇನು? ಎಣ್ಣಿ ವಾಸ್ನಿ ಅದು. ನಿಂಗೆ ಬರಾಂಗಿಲ್ಲ?"

ಪ್ರಸಾದನ ಕೈಯಲ್ಲಿದ್ದ ಇಕ್ಕಳ ನೆಲಕ್ಕೆ ಬಡಿಯಿತು. "ನೀವು ತಗಡು ನೋಡ್ಕೊಳ್ರಿ. ಮೂಗಿನ ಕೆಲಸ ನನಗ ಬಿಡ್ರಿ."

ರಜಾಕ್ ಕರವಸ್ತ್ರವನ್ನು ಜೇಬಿಗೆ ತುರುಕಿದ. "ಆತು ಬಿಡಪ್ಪ. ನಿನ್ನ ಮೂಗಿನ ಮುಂದೆ ನಮ್ಮದೇನು" ಎಂದು ಏಣಿ ಹತ್ತಿದ. ಕೊಳವೆ ಕೂರಿಸುವಾಗ ಮಾಡಿನ ಸಂದಿಯಿಂದ ಎರಡು ಹಲ್ಲಿ ಕೆಳಗೆ ಬಿದ್ದವು. ಒಣಗಿ ಸೊಪ್ಪಿನ ಹಾಗೆ ಹಗುರಾಗಿದ್ದವು. ಪ್ರಸಾದ ಅವನ್ನು ಪೊರಕೆಯಿಂದ ಆಚೆ ತಳ್ಳಿದ.

ಸೋಮವಾರ ಬೆಳಗ್ಗೆ ಏಳಕ್ಕೆಲ್ಲ ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿದ್ದರು. ಪ್ರಸಾದ ಸ್ನಾನ ಮಾಡಿ, ವಿಭೂತಿ ಹಚ್ಚಿ, ಡ್ರಮ್ಮಿಗೆ ಬೀಜ ಸುರಿದ. ಬಣ್ಣ ನೋಡಿದ, ಚಟಪಟ ಕೇಳಿದ, ಹೊತ್ತು ಎಣಿಸಿದ. ಕಣ್ಣು ಕಿವಿಯಲ್ಲೇ ಹುರಿದ. ಪುಡಿ ಮಾಡಿ ಫಿಲ್ಟರಿಗೆ ಹಾಕಿ ಬಿಸಿನೀರು ಹೊಯ್ದ. ಡಿಕಾಕ್ಷನ್ನು ತೊಟ್ಟು ತೊಟ್ಟಾಗಿ ಇಳಿಯಿತು. ಒಂದು ಗುಟುಕು ಕುಡಿದು ನೋಡೋಣವೆಂದರೆ ಆಗುವಂತಿರಲಿಲ್ಲ. ತೋಟಪ್ಪನ ಮನೆತನದಲ್ಲಿ ಯಾವ ಹೊಸ ಅಂಗಡಿಯ ಮೊದಲ ಸರಕಾದರೂ ಮನೆಗುರುಗಳಾದ ಅಯ್ಯನವರಿಗೆ ಅರ್ಪಣೆಯಾಗುವವರೆಗೆ ಬಾಯಿಗೆ ಮುಟ್ಟಿಸುವಂತಿಲ್ಲ, ಎಂಜಲಾಗುತ್ತದೆ. ಮೂಸಬಹುದು, ಅಷ್ಟೇ.

ಹಾಲಿನ ಪಾತ್ರೆ ತಂದುಕೊಟ್ಟ ಪಕ್ಕದ ಮನೆಯ ವರದಮ್ಮ ಬಾಗಿಲಲ್ಲೇ ನಿಂತಳು. ಸೆರಗು ಮೂಗಿಗೆ ಹೋಯಿತು.

"ಎಂಥದೋ ಒಂಥರಾ ವಾಸ್ನೆ ಬತ್ತದಲ ಮಾರಾಯ. ಕಾಫಿ ಹಿಂಗಿರ್ತದಾ?"

ತೋಟಪ್ಪ ನಕ್ಕ. "ನಿಮ್ಮ ಮನ್ಯಾಗ ಹುರಿದ ಹುಣಸೆಬೀಜ ಸೇರಿಸಿ ಕುಡಿಯೋರು ನೀವು. ಅಸಲಿ ಕಾಫಿ ವಾಸ್ನಿ ಹಿಂಗ ಇರ್ತೈತಿ, ವರದಮ್ಮ. ಕೇಳ್ರಿ ಬೇಕಾದ್ರ ನಮ್ಮ ಪ್ರಸಾದನ್ನ."

ಮೂವತ್ತು ವರ್ಷ ಎಣ್ಣೆ ಡಬ್ಬಿಗಳ ನಡುವೆ ಕೂತ ತೋಟಪ್ಪನಿಗೆ ಆ ವಾಸನೆ ಮನೆಯ ವಾಸನೆಯಾಗಿತ್ತು. ವರದಮ್ಮ ಪ್ರಸಾದನ ಕಡೆ ನೋಡಿದಳು. ಪ್ರಸಾದ ಒಲೆ ನೋಡುತ್ತ, "ಹೊಸ ಬೀಜ, ಅಮ್ಮಾ" ಅಂದ. ಅವಳು ಸೆರಗು ಇಳಿಸಿದಳು. "ಅವ್ನೇ ಹೇಳಿದ ಮೇಲೆ ಆತು ಬಿಡು" ಎಂದು ಜಗುಲಿಯ ಮೇಲೆ ಕೂತಳು.

ಅವಳ ಕಾಲ ಬುಡದಲ್ಲಿ, ಕಾಫಿಗೆ ಸಕ್ಕರೆ ಹಾಕುವಾಗ ಚೆಲ್ಲಿದ ಎರಡು ಹನಿ ಬಿದ್ದಿದ್ದವು. ಗೋಡೆಯ ಬುಡದಿಂದ ಇರುವೆ ಸಾಲು ಬಂತು. ಹನಿಯ ಹತ್ತಿರ ಬಂದ ಮೊದಲನೆಯದು ನಿಂತಿತು. ಸಾಲು ಬಾಗಿತು, ಹನಿಯನ್ನು ಅಗಲವಾಗಿ ಬಳಸಿಕೊಂಡು ಆಚೆ ಹೋಯಿತು. ಪ್ರಸಾದ ಸೌಟು ಹಿಡಿದುಕೊಂಡೇ ನೋಡಿದ. ರಜಾಕ್ ಹೇಳಿದ್ದು, ಹಲ್ಲಿಗಳು, ಬರೀ ನೆಲದ ಮೇಲಿನ ಚೀಲಗಳು. ಬೀಜ ನೆಲದ ವಿಷವನ್ನು ಹೀರಿರಬೇಕು.

ಆ ಹೊತ್ತಿಗೆ ಅಯ್ಯನವರು ಬಂದರು. ಎಂಬತ್ತು ದಾಟಿದ ಸಣಕಲು ದೇಹ, ಕಾವಿ ರುಮಾಲು. ತೋಟಪ್ಪ ಪಾದಕ್ಕೆ ನೀರು ಹಾಕಿದ, ಮಣೆಯ ಮೇಲೆ ಕೂರಿಸಿದ. ಜಗುಲಿಯಲ್ಲಿ, ಬೀದಿಯಲ್ಲಿ ಮೂವತ್ತು ನಲವತ್ತು ಜನ ಸೇರಿದ್ದರು. ತಟ್ಟೆಯಲ್ಲಿ ಲೋಟಗಳನ್ನಿಟ್ಟು ತೋಟಪ್ಪನೇ ಎಲ್ಲರ ಕೈಗೂ ಕೊಡುತ್ತ ಹೋದ. "ಹಿಡ್ಕೊಂಡಿರ್ರಿ, ಅಯ್ಯನವರದ್ದಾದ ಮ್ಯಾಲೆ." ಹಿತ್ತಾಳೆಯ ಲೋಟವನ್ನು ಪ್ರಸಾದನೇ ಒಯ್ಯಬೇಕಾಯಿತು.

ಅಯ್ಯನವರು ಲೋಟ ಕೈಗೆ ತಗೊಂಡು ಹಣೆಗೆ ಮುಟ್ಟಿಸಿದರು. ಮೂಗಿನ ಹತ್ತಿರ ತಂದಾಗ ಹುಬ್ಬು ಗಂಟಾಯಿತು. "ವಯಸ್ಸಾತು. ನಂಗೆ ಎಲ್ಲ ಒಂದೇ ಥರ ಅನ್ನಸ್ತದೆ" ಎಂದು ನಕ್ಕು ಪ್ರಸಾದನನ್ನು ನೋಡಿದರು. "ನೀನಂತಲ್ಲಪ್ಪ ಮೂಗಿನವ? ಹೇಳು, ಹೆಂಗದೆ?"

"ಹೇಳೋ" ಅಂದ ತೋಟಪ್ಪ.

ಪ್ರಸಾದನಿಗೆ ಒಂದೇ ಮಾತು ಸಾಕಿತ್ತು. ಹತ್ತು ವರ್ಷ ಚೀಲ ಹೊತ್ತ ಹೆಗಲು ತಾನಾಗಿ ಜುಮ್ಮೆಂದಿತು. ಅಯ್ಯನವರು ಲೋಟವನ್ನು ತುಟಿಯ ಕಡೆ ಎತ್ತಿದರು.

ಪ್ರಸಾದ ಆ ಲೋಟವನ್ನು ಕಿತ್ತುಕೊಂಡ. ಅಯ್ಯನವರ ಕೈ ಹಾಗೇ ಗಾಳಿಯಲ್ಲಿ ಉಳಿಯಿತು. ಎಲ್ಲರ ಎದುರಿಗೆ, ಬಿಸಿಯಿದ್ದ ಹಾಗೆಯೇ, ಗಟಗಟನೆ ಅಷ್ಟನ್ನೂ ಕುಡಿದ. ನಾಲಿಗೆಗೆ ಬಿಸಿ ಗೊತ್ತಾಯಿತು. ಇನ್ನೇನೂ ಗೊತ್ತಾಗಲಿಲ್ಲ.

"ಏ ಬೋಳಿಮಗನ!" ತೋಟಪ್ಪನ ತಟ್ಟೆ ನೆಲಕ್ಕೆ ಬಿತ್ತು. "ಅಯ್ಯನವರ ಲೋಟ ಎಂಜಲು ಮಾಡ್ತೀಯಾ?"

"ನನಗ ಮೂಗಿಲ್ಲ" ಅಂದ ಪ್ರಸಾದ. ದನಿ ಅವನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ಎರಡು ವಾರ ಆತು. ಯಾವ ವಾಸ್ನಿನೂ ಬರಾಂಗಿಲ್ಲ. ಬೀಜಕ್ಕ ಎಣ್ಣಿ ಹಿಡಿದಿರಬೇಕು, ಯಾರೂ ಕುಡೀಬ್ಯಾಡ್ರಿ."

ರಜಾಕ್ ಜನರ ನಡುವಿನಿಂದ ನುಗ್ಗಿ ಬಂದು ಅವನ ರಟ್ಟೆ ಹಿಡಿದ. "ಬಾ, ಆಸ್ಪತ್ರಿಗೆ ಹೋಗಾಣ."

"ಎಲ್ಲಿ ಆಸ್ಪತ್ರಿ? ಏನ್ ಆಗೇತಿ ಅವಂಗೆ?" ತೋಟಪ್ಪ ಅಡ್ಡ ನಿಂತ. ಮುಖ ಕೆಂಪಾಗಿತ್ತು. "ಪೂರಾ ಲೋಟ ಕುಡದಾನ. ಗುಂಡುಕಲ್ಲಿನಂಗ ನಿಂತಾನ. ನೋಡ್ರಿ, ನೀವೇ ನೋಡ್ರಿ!"

ಯಾರೂ ಕುಡಿಯಲಿಲ್ಲ. ಯಾರೂ ಚೆಲ್ಲಲೂ ಇಲ್ಲ. ವರದಮ್ಮ ಲೋಟವನ್ನು ಮಡಿಲಲ್ಲಿಟ್ಟುಕೊಂಡಳು. ಅಯ್ಯನವರು ಖಾಲಿ ಕೈಯನ್ನು ನಿಧಾನವಾಗಿ ಮಡಚಿದರು. ಮೂವತ್ತು ನಲವತ್ತು ಜೊತೆ ಕಣ್ಣು ಪ್ರಸಾದನ ಮುಖದ ಮೇಲೆ ನಿಂತವು. ಅವನ ಮೇಲ್ತುಟಿಯ ಮೇಲೆ ಬೆವರು ಮೂಡಿತು. ಬಿಸಿ ಕಾಫಿಯದೋ, ಒಲೆಯ ಮುಂದೆ ನಿಂತದ್ದರದೋ, ಅವನಿಗೂ ತಿಳಿಯಲಿಲ್ಲ. ಒರೆಸಿಕೊಳ್ಳಲು ಕೈ ಎತ್ತಿದರೆ ಎಲ್ಲರ ಕಣ್ಣೂ ಆ ಕೈಯ ಜೊತೆ ಮೇಲೆ ಬಂದವು.

ಬೀದಿಯಲ್ಲಿ ಕುಪ್ಪಗಡ್ಡೆಯ ಬಸ್ಸು ಹಾರನ್ನು ಹೊಡೆದು ಹೋಯಿತು. ಯಾರೂ ತಿರುಗಲಿಲ್ಲ. ಕೈಯಲ್ಲಿ ಹಿಡಿದ ಲೋಟಗಳಲ್ಲಿ ಕಾಫಿ ಆರುತ್ತ, ಒಂದೊಂದರ ಮೇಲೂ ತೆಳ್ಳಗೆ ಕೆನೆ ಕಟ್ಟುತ್ತಿತ್ತು.