ಹಾರಿಹೋದ ಗೂಡಿನ ನೂಲು

ತಾಪಿಯಾ ಮರಗಳ ಗುಡ್ಡವನ್ನೆಲ್ಲ ಸುತ್ತಿ ಬಂದರೂ ರಾವಕಳ ಬುಟ್ಟಿಯ ತಳ ಮುಚ್ಚಿರಲಿಲ್ಲ. ಮೊದಲೆಲ್ಲ ಒಂದೇ ಮರದಲ್ಲಿ ಮಡಿಲು ತುಂಬುವಷ್ಟು ಕಾಡುರೇಷ್ಮೆಯ ಗೂಡುಗಳು ಸಿಗುತ್ತಿದ್ದವು.

ಕೆಲವು ವರ್ಷಗಳಿಗೊಮ್ಮೆ ಮನೆತನದ ಗೋರಿ ತೆರೆಯುವ ಸರದಿ ಮುಂದಿನ ಚಳಿಗಾಲಕ್ಕೆ ಬರಲಿತ್ತು. ಒಳಗಿರುವ ಸತ್ತವರನ್ನು ಹೊರತಂದು, ಮಾತಾಡಿಸಿ, ಕಾಡುರೇಷ್ಮೆಯ ಹೊಸ ಬಟ್ಟೆ ಸುತ್ತಿ ಮತ್ತೆ ಮಲಗಿಸಬೇಕು. ರಾವಕಳ ಗಂಡನೂ ಅಲ್ಲಿದ್ದಾನೆ. ಅವನು ತೀರಿಕೊಂಡಾಗ ಕಾಡುರೇಷ್ಮೆ ಸಿಗದೆ ಸಂತೆಯ ನೈಲಾನ್ ಬಟ್ಟೆ ಸುತ್ತಿ ಕಳಿಸಿದ್ದರು. ಅವನು ಕನಸಿನಲ್ಲಿ ಬಂದು ಚಳಿ ಎನ್ನುತ್ತಾನೆ ಎಂದು ಅತ್ತೆ ರಾಫಾರಾ ಆಗಾಗ ಹೇಳುತ್ತಿದ್ದಳು. ರಾವಕಳಿಗೆ ಕನಸು ಬೀಳುತ್ತಿರಲಿಲ್ಲ. ಈ ಸಲ ಅವನಿಗೆ ನೇಯ್ದೇ ತೀರುವುದೆಂದು ಮಾತ್ರ ನಿಶ್ಚಯಿಸಿದ್ದಳು.

ರಾಫಾರಾ ಬುಟ್ಟಿಯನ್ನು ಎಳೆದುಕೊಂಡು ಚಾಕು ತೆಗೆದಳು. ಗೂಡು ಸೀಳಿ, ಒಳಗಿನ ಹುಳುವನ್ನು ಹುರಿದು ತಿನ್ನಲು ಬಾಣಲೆಗೆ, ಚಿಪ್ಪನ್ನು ನೂಲಿಗೆ ಹಾಕುವುದು ಅವಳ ಅಜ್ಜಿಯ ಕಾಲದಿಂದ ಬಂದ ಕ್ರಮ. ಅಷ್ಟರಲ್ಲಿ ಪಕ್ಕದೂರಿನ ನೇಕಾರ ಸಂಘದ ಸಾಹುಂದ್ರ ಬಂದಳು. ಅವಳಿಗೆ ಹೇಳಿಕಳಿಸಿದ್ದವಳು ರಾವಕಳೇ.

"ದೊಡ್ಡಮ್ಮ, ಇಷ್ಟನ್ನೂ ಸೀಳಿಬಿಟ್ರೆ ಮುಂದಿನ ಸಲಕ್ಕೆ?"

"ಹಿರೀಕರು ಕಳಿಸ್ತಾರೆ. ಇಷ್ಟು ದಿನ ನಿಮ್ಮ ಸಂಘ ಕಳಿಸ್ತಿತ್ತಾ?"

"ಬಿತ್ತನೆ ಭತ್ತಾನೂ ಕುಟ್ಟಿ ಉಂಡು, ಬದುವಿನ ಮೇಲೆ ಕೂತು ಹಿರೀಕರನ್ನ ಕರೆದ್ರೆ ಅವರಾದ್ರೂ ಏನ್ ಮಾಡ್ತಾರೆ?"

ಸಾಹುಂದ್ರ ಬಿಡಿಸಿ ಹೇಳಿದಳು. ಗೂಡಿನೊಳಗೆ ಮಲಗಿರುವ ಹುಳುವೇ ಪತಂಗವಾಗಿ ಹೊರಬರುತ್ತದೆ, ಮೊಟ್ಟೆಯಿಡುತ್ತದೆ. ಅದರ ಮರಿಗಳು ತಾಪಿಯಾ ಎಲೆ ತಿಂದು ಮತ್ತೆ ಗೂಡು ಕಟ್ಟುತ್ತವೆ. ನಮ್ಮ ದ್ವೀಪ ಬಿಟ್ಟರೆ ಈ ಪತಂಗ ಬೇರೆಲ್ಲೂ ಇಲ್ಲ. ಇಲ್ಲಿ ಮುಗಿದರೆ ಮುಗಿದಂತೆ. ಹುಲ್ಲಿಗೆ ಇಡುವ ಬೆಂಕಿಯೂ ಅದನ್ನು ಮುಗಿಸುತ್ತಿದೆ.

ಹೊಸಿಲ ಮೇಲೆ ಕುಳಿತಿದ್ದ ಮೈದುನ ಫಿದಿ ತಲೆಯೆತ್ತಿದ. ಗುಡ್ಡಕ್ಕೆ ವರ್ಷವರ್ಷ ಬೆಂಕಿ ಇಡುವವನು ಅವನೇ. "ಎತ್ತು ರೇಷ್ಮೆ ತಿನ್ನಲ್ಲಕ್ಕ. ಬೆಂಕಿ ಹಾಕಿದ್ರೇನೇ ಚಿಗುರು ಹುಲ್ಲು. ತಾಪಿಯಾ ಮರ ಎಲ್ಲಿ ಸುಟ್ಟಿದೆ, ತೋರಿಸು."

ಮರ ಸುಡುವುದಿಲ್ಲ, ಅದರ ತೊಗಟೆ ದಪ್ಪ. ನಾವೆಲ್ಲ ಮೋಸಹೋಗುವುದು ಅಲ್ಲೇ ಎಂದಳು ಸಾಹುಂದ್ರ. ದೊಡ್ಡ ಮರ ನಿಂತಿರುತ್ತದೆ. ಅದರ ಬುಡದ ಸಸಿ, ಪೊದೆಯಲ್ಲಿನ ಹುಳು, ಗೂಡು ಎಲ್ಲ ಬೂದಿಯಾಗಿರುತ್ತವೆ. ಕೊನೆಗೆ ಉಳಿಯುವುದು ಮುದಿಮರಗಳು ಮಾತ್ರ.

ರಾಫಾರಾ ಚಾಕು ಕೆಳಗಿಡಲಿಲ್ಲ. ಆಗ ರಾವಕ ಬಾಯಿಬಿಟ್ಟಳು.

"ತಾಪಿಯಾ ಹಣ್ಣನ್ನ ಮರದಿಂದ ಕೀಳಬಾರದು, ತಾನಾಗಿ ಬಿದ್ದದ್ದನ್ನೇ ಆಯಬೇಕು ಅಂತ ನನಗೆ ಕಲಿಸಿದ್ದು ನೀವೇ ಅತ್ತೆ. ಹಣ್ಣಿಗಿರೋ ಕಟ್ಟು ಗೂಡಿಗೆ ಯಾಕಿಲ್ಲ? ಪತಂಗ ಹಾರಿಹೋಗಲಿ. ಬಿಟ್ಟ ಚಿಪ್ಪನ್ನ ನೂಲೋಣ."

"ತೂತು ಬಿದ್ದ ಗೂಡನ್ನ ನನ್ನ ಮಗನಿಗೆ ಸುತ್ತಬೇಕಾ? ಅವನು ನಿನಗೆ ಬೇಡವಾದನೇನೋ."



"ಬೇಕು ಅಂತಲೇ ಕೇಳ್ತಿರೋದು," ಎಂದಳು ರಾವಕ.

ಸಾಹುಂದ್ರ ಚೀಲದಿಂದ ತೂತುಗೂಡಿನ ನೂಲಿನ ಲಡಿಯೊಂದನ್ನು ತೆಗೆದು ಮುದುಕಿಯ ಮಡಿಲಲ್ಲಿಟ್ಟಳು. ಕಾಡುಗೂಡಿನಿಂದ ನಾವು ಒಂದೇ ಉದ್ದ ಎಳೆಯನ್ನು ಬಿಚ್ಚುವುದಿಲ್ಲ. ಬೇಯಿಸಿ, ಹಿಂಜಿ, ಕದಿರಿನಲ್ಲಿ ನೂಲುತ್ತೇವೆ. ಹಾಗಾಗಿ ತೂತಿದ್ದರೇನು, ಸೀಳಿದ್ದರೇನು ಎಂದಳು. ರಾಫಾರಾ ನೂಲನ್ನು ಜಗ್ಗಿದಳು. ಹಲ್ಲಿನಲ್ಲಿ ಕಚ್ಚಿ ಎಳೆದಳು. ಕೆನ್ನೆಗೆ ಉಜ್ಜಿಕೊಂಡಳು. ಅದು ಹರಿಯಲಿಲ್ಲ. ಅವಳ ಕೈ ಒಪ್ಪಿತು, ಬಾಯಿ ಒಪ್ಪಲಿಲ್ಲ. ಎದ್ದು ಹೋಗಿ ಬಾಣಲೆಯನ್ನು ಒಲೆಯಿಂದ ಇಳಿಸಿ ಗೋಡೆಗೆ ತೂಗುಹಾಕಿದಳು.

ಮರುದಿನ ಅತ್ತೆ, ಸೊಸೆ, ಮೈದುನ ಮೂವರೂ ಗುಡ್ಡ ಹತ್ತಿದರು. ಪತಂಗಗಳು ಅಲ್ಲೇ ಹೊರಬಂದು ಮೊಟ್ಟೆಯಿಡಲೆಂದು ಗೂಡುಗಳ ಬುಟ್ಟಿಯನ್ನು ತಾಪಿಯಾ ಕೊಂಬೆಗೆ ಕಟ್ಟಿದರು. ಫಿದಿ ಗೊಣಗುತ್ತಲೇ ಕುಡುಗೋಲು ಹಿಡಿದು, ತೋಪಿನ ಸುತ್ತ ಹುಲ್ಲು ಕೊಯ್ದು, ಬೆಂಕಿ ದಾಟದಂತೆ ಬೆಂಕಿರೇಖೆ ಮಾಡಿದ. ಎತ್ತುಗಳಿಗೆ ಕಣಿವೆಯ ಹುಲ್ಲೇ ಸಾಕಾಯಿತು. ಊರವರು ಮೊದಲು ನಕ್ಕರು. ಕೊಂಬೆಗಳಲ್ಲಿ ಹುಳು ಕಂಡ ಮೇಲೆ ಊರ ಸಭೆಯಲ್ಲಿ ಕೂತು, ತೋಪಿಗೆ ಬೆಂಕಿ ಬೀಳಬಾರದೆಂದು ಕಟ್ಟು ಮಾಡಿದರು.

ಚಳಿಗಾಲ ಬಂತು, ಗೋರಿ ತೆರೆಯಿತು. ಪತಂಗ ಬಿಟ್ಟ ಚಿಪ್ಪುಗಳಿಂದ ನೂತ ನೂಲು ಇಡೀ ಬಟ್ಟೆಗೆ ಸಾಲಲಿಲ್ಲ. ಮೈಗೆ ತಾಗುವ ಒಳಸುತ್ತಿಗೆ ಸಾಕಾಯಿತು. ಅದನ್ನು ಗಂಡನಿಗೆ ರಾವಕಳೇ ಸುತ್ತಿದಳು. ನೆಂಟರ ಹೆಂಗಸೊಬ್ಬಳು ಅಂಚು ಮುಟ್ಟಿ ನೋಡಿ, ಇಷ್ಟೊಳ್ಳೆಯ ಗೂಡು ಎಲ್ಲಿ ಸಿಕ್ಕಿತು ಎಂದು ಕೇಳಿದಳು.

"ಪತಂಗ ಬಿಟ್ಟುಹೋಗಿದ್ದು," ಎಂದಳು ರಾಫಾರಾ. "ತೂತು ಎಲ್ಲಿದೆ, ನೀನೇ ಹುಡುಕು."

ಅಕ್ಕತಂಗಿಯರೇ, ಗುಡ್ಡದಲ್ಲಿ ಗೂಡು ಕಂಡರೆ ಚಾಕು ಹಾಕಬೇಡಿ. ಪತಂಗ ಹಾರಿದ ಮೇಲೆ ಚಿಪ್ಪು ಆಯ್ದುಕೊಳ್ಳಿ. ಅಣ್ಣತಮ್ಮಂದಿರೇ, ತೋಪಿನ ಸುತ್ತ ಬೆಂಕಿರೇಖೆ ಮಾಡಿ. ಮರ ನಿಂತಿದೆಯಲ್ಲ ಎಂದು ಸುಮ್ಮನಿರಬೇಡಿ, ಬುಡದಲ್ಲಿ ಸಸಿ ಇದೆಯೇ ನೋಡಿ. ನಮ್ಮ ಸತ್ತವರು ಚಳಿಯಲ್ಲಿ ಮಲಗಬಾರದೆಂದರೆ ಈ ಹುಳು ಬದುಕಿರಬೇಕು.