ಮುಂಗಡ ಸಹಿ

ದಿನವೂ ಮೊಣಕಾಲುದ್ದದ ನೀರಿನಲ್ಲಿ ನಡೆದು ಮುತ್ತವ್ವನ ಕಾಲ್ಬೆರಳ ಸಂದುಗಳು ಬಿರಿದಿದ್ದವು. ಕೆಲಗೇರಿ ಊರು ದಾಟಿದರೆ ಸಿಗುವ ಸಣ್ಣ ಕೆರೆಗೆ ಅವಳು ದಿನಗೂಲಿ ಕಾವಲಿನವಳು. ಪರದೇಶದ ಕಳೆ ನೀರಿಗೆ ಇಳಿದರೆ ಮೊದಲ ದಿನವೇ ಸುದ್ದಿ ಮುಟ್ಟಿಸಬೇಕು. ಅದಕ್ಕೆಂದೇ ಇಲಾಖೆ ಕಳೆಗಳ ಚಿತ್ರಪಟ ಕೊಟ್ಟಿತ್ತು. ವಾರಕ್ಕೊಂದು ವರದಿ ಹಾಳೆ, ಹಾಳೆಗೊಂದು ಸಹಿ. ಆದರೆ ಹಾಳೆ ಒಯ್ಯಬೇಕಾದ ಇಲಾಖೆಯ ಶಿವಯೋಗೀಶ ಸಾಹೇಬರಿಗೆ ವಾರವಾರ ಬರುವ ಪುರಸೊತ್ತೆಲ್ಲಿ? ಯುಗಾದಿ ಮುಗಿದದ್ದೇ ಅವಳನ್ನು ಕೂರಿಸಿ, ತಾರೀಖು ಸಹಿತ ಇಡೀ ವರ್ಷದ ಹಾಳೆಗಳಿಗೆ ಸಹಿ ಹಾಕಿಸಿಕೊಂಡಿದ್ದರು. ಎಲ್ಲದರಲ್ಲೂ ಒಂದೇ ಮಾತು ಅಚ್ಚಾಗಿತ್ತು: ಹೊಸದೇನೂ ಕಂಡಿಲ್ಲ.

ಶ್ರಾವಣದಲ್ಲಿ ಕಂಡಿತು. ದಂಡೆಗೆ ಅಂಗೈಯಗಲ ಹಸಿರು, ಎಲೆ ಮೇಲೆ ಸಣ್ಣ ಸಣ್ಣ ಕೂದಲು, ಪಟದಲ್ಲಿದ್ದಂತೆಯೇ. ಮುತ್ತವ್ವ ಫೋನು ಹಚ್ಚಿದಳು.

"ಸಾಹೇಬ್ರ, ಪಟದಾಗಿನ ಕಳಿ ಬಂದೈತ್ರಿ. ಲಗೂ ಬರ್ರಿ."

"ಮುಂದಿನ ವಾರ ಮಂತ್ರಿಗಳು ದೋಣಿವಿಹಾರ ಚಾಲೂ ಮಾಡಾಕ ಬರ್ತಾರ. ಈಗ ಕಳಿ ಅಂದ್ರ ಎಲ್ಲಾ ನಿಲ್ತೈತಿ. ಸುಮ್ನಿರು, ನಿನ್ನ ಕೆಲಸ ಕಾಯಂ ಮಾಡಿಸ್ತೇನಿ."

ಸುಮ್ಮನಿದ್ದಳು. ಗುಲಾಬಸಾಬ ಅಲ್ಲೇ ಬಲೆ ಬೀಸುತ್ತಿದ್ದ. ದಿನವೂ ಅವಳ ಸೆರಗಿಗೆ ಎರಡು ಮೀನು ಹಾಕಿ ಹೋಗುವ ಮುದುಕ. ಬಲೆಗೆ ಸಿಕ್ಕ ಕಳೆಯ ಚೂರುಗಳೇ ಕೆರೆ ತುಂಬ ಹರಡಿದವು. 'ಕಾಕಾ, ಅತ್ಲಾಗ ಬೀಸಬ್ಯಾಡ' ಎಂಬ ಒಂದು ಮಾತನ್ನೂ ಅವಳು ಆಡಲಿಲ್ಲ.

ದಸರೆಯ ಹೊತ್ತಿಗೆ ನೀರೇ ಕಾಣಲಿಲ್ಲ. ಉಸಿರು ಸಿಗದೆ ಸತ್ತ ಮೀನುಗಳು ದಂಡೆಗೆ ಬಿದ್ದವು.

"ಯವ್ವಾ, ಈ ಪೀಡಾ ಯಾವಾಗ ಬಂತು? ನಿನಗ ಕಾಣಲಿಲ್ಲೇನು?"

"ಇಲ್ಲ ಕಾಕಾ."

ಅವನು ನಂಬಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ನಂಬಿದ್ದನ್ನು ತಡೆದುಕೊಳ್ಳಲಾಗಲಿಲ್ಲ.

ದೀಪಾವಳಿಗೆ ಮುಂಚೆ ಮೇಲಧಿಕಾರಿ ವಿಚಾರಣೆಗೆ ಬಂದರು. ಕೆರೆ ಏರಿಯ ಮೇಲೆ ಮೀನುಗಾರರೆಲ್ಲ ಕೂತಿದ್ದರು. ಶಿವಯೋಗೀಶ ಸಾಹೇಬರು ಹಾಳೆಗಳ ಕಟ್ಟು ಮೇಜಿನ ಮೇಲಿಟ್ಟರು.

"ಕಾವಲಿನಾಕಿ ತಪ್ಪು ಸರ್. ವಾರಾವಾರಾ ಏನೂ ಕಂಡಿಲ್ಲ ಅಂತ ಸಹಿ ಹಾಕ್ಯಾಳ ನೋಡ್ರಿ."

ಎಲ್ಲರ ಕಣ್ಣು ಅವಳ ಮೇಲೆ ಬಿತ್ತು. ಮುತ್ತವ್ವ ಎದ್ದಳು.

"ಖರೇರಿ, ನಾ ನೋಡಿದ್ದೆ. ಸಾಹೇಬ್ರಿಗೆ ಹೇಳಿದ್ದೆ. ಸುಮ್ನಿರು ಅಂದ್ರು, ಕಾಯಂ ಆಗೋ ಆಸೇಕ ಸುಮ್ನಿದ್ದೆ. ಕಾಕಾ, ನಿನ್ನ ಅನ್ನಕ್ಕ ನಾನೂ ಕಲ್ಲು ಹಾಕೇನಿ."

ಅವಳು ಕೈ ಚಾಚಿ ಇಡೀ ಕಟ್ಟನ್ನು ಬೋರಲು ಹಾಕಿ ತಳದ ಹಾಳೆಗಳನ್ನು ಮೇಲೆ ತಂದಳು. ಮುಂದಿನ ವಾರಗಳ ಹಾಳೆ ತೆಗೆದಿಡುವ ಪುರಸೊತ್ತೂ ಸಾಹೇಬರಿಗೆ ಸಿಕ್ಕಿರಲಿಲ್ಲ.

"ಇದನ್ನೂ ನೋಡ್ರಿ. ಸಂಕ್ರಾಂತಿ, ಶಿವರಾತ್ರಿ, ಬರೋ ಯುಗಾದಿ ಮಟಾ ನನ್ನ ಸಹಿ ಐತಿ. ಇನ್ನೂ ಹುಟ್ಟದ ವಾರದಾಗ ಏನೂ ಕಂಡಿಲ್ಲ ಅಂತ ನಾ ಹೆಂಗ ಹೇಳೇನ್ರಿ?"

ಶಿವಯೋಗೀಶ ಸಾಹೇಬರು ಕಟ್ಟು ಎಳೆದುಕೊಳ್ಳಲು ಮುಂದಾದರು. ಗುಲಾಬಸಾಬ ಅದರ ಮೇಲೆ ಅಂಗೈ ಊರಿದ. ಮುತ್ತವ್ವನ ಮುಖವನ್ನು ಅವನು ನೋಡಲಿಲ್ಲ.

"ಇದು ಇಲ್ಲೇ ಇರ್ಲಿ," ಅಂದ.

ಅವನ ಹಿಂದೆ ಮೀನುಗಾರರೆಲ್ಲ ಎದ್ದು ನಿಂತರು.